ಅಯೋವಾದ ಅಕ್ಕೋರ ನೋಟ್‌ಬುಕ್ಕು

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದೆ. ಅಯೋವಾ ರಾಜ್ಯ, ಜುಲೈ ತಿಂಗಳು. ವಿಮಾನ ನಿಲ್ದಾಣದಿಂದ ಮನೆ ಮುಟ್ಟುವವರೆಗೂ ರಸ್ತೆಯ ಎರಡೂ ಬದಿಗೆ ಗೋವಿನಜೋಳವೇ. ನಮ್ಮ ರಾಣೆಬೆನ್ನೂರು, ಹಿರೇಕೆರೂರು ಕಡೆ ಮಳೆಗಾಲದಲ್ಲಿ ಕಾಣುವ ಹಾಗೇ ಇತ್ತು. ಬದುಗಳು ಮಾತ್ರ ಇಲ್ಲ. ಕಣ್ಣು ಹಾಯುವಷ್ಟು ದೂರ ಒಂದೇ ಹೊಲ.

ನಾನು 33 ವರ್ಷ ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು. ಟಿ.ಸಿ.ಎಚ್. ಶಿಕ್ಷಕರ ತರಬೇತಿ ಮುಗಿಸಿ 1986ರಲ್ಲಿ ಕೆಲಸಕ್ಕೆ ಸೇರಿದೆ. ಆಗ ನಮ್ಮದು ಧಾರವಾಡ ಜಿಲ್ಲೆ, 1997ರ ನಂತರ ಹಾವೇರಿ ಜಿಲ್ಲೆ. ಮೊದಲ ಒಂಬತ್ತು ವರ್ಷ ಏಕೋಪಾಧ್ಯಾಯ ಶಾಲೆ. ಒಂದರಿಂದ ನಾಲ್ಕನೇ ಇಯತ್ತೆಯವರೆಗೆ ಒಂದೇ ಕೋಣೆ, ಒಬ್ಬಳೇ ಅಕ್ಕೋರು. ರಜೆ ಹಾಕಿದರೆ ಶಾಲೆಗೆ ಬೀಗ.

ಕೂಸಿಗೆ ಒಂದೂವರೆ ತಿಂಗಳು ತುಂಬಿದ ಮೇಲೆ ಮಗಳು ಒಂದು ದಿನ, "ಅವ್ವ, ಸುಮ್ನ ಮನ್ಯಾಗ ಕುಂತು ಬ್ಯಾಸರಾಗೈತಿ ನಿನಗ. ಇಲ್ಲೇ ಹತ್ತು ಮೈಲಿ ಮ್ಯಾಲೆ ಒಂದು ಹಳೇ ಸಾಲಿ ಐತಿ. ಮ್ಯೂಸಿಯಂ ಮಾಡ್ಯಾರ. ಹೋಗಿ ನೋಡ್ಕೊಂಡು ಬರೂಣು ಬಾ" ಅಂದಳು. ಹೋದೆವು.

ಬಿಳಿ ಬಣ್ಣದ ಮರದ ಹಲಗೆಯ ಕಟ್ಟಡ. ಒಂದೇ ಕೋಣೆ. ನಡುವೆ ಕಬ್ಬಿಣದ ಒಲೆ, ಗೋಡೆಗೆ ಕರಿಹಲಗೆ, ಹೊರಗೆ ಕೈಪಂಪು. ಒಳಗೆ ಕಾಲಿಟ್ಟಾಗ ನನ್ನ ಕಣ್ಣು ಹೋದದ್ದು ಮುಂದಿನ ಉದ್ದ ಬೆಂಚಿನ ಮೇಲೆ. ಅದರ ಮೇಲೆ ಯಾರೂ ಇಡೀ ದಿನ ಕೂರುತ್ತಿರಲಿಲ್ಲವಂತೆ. ಒಂದು ಇಯತ್ತೆಯ ಮಕ್ಕಳು ಎದ್ದು ಬಂದು ಆ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಪಾಠ ಒಪ್ಪಿಸಬೇಕು. ಅವರು ಎದ್ದು ಹೋದ ಮೇಲೆ ಮುಂದಿನ ಇಯತ್ತೆ. ಒಟ್ಟು ಎಂಟು ಇಯತ್ತೆ, ಒಬ್ಬರೇ ಶಿಕ್ಷಕಿ.

ಅಲ್ಲಿ ಎಂಬತ್ತರ ಹತ್ತಿರದ ಒಬ್ಬ ಹಿರಿಯರು ಮ್ಯೂಸಿಯಂ ನೋಡಿಕೊಳ್ಳುತ್ತಿದ್ದರು. ಅವರೇ ಇಂಥ ಶಾಲೆಯಲ್ಲಿ ಕಲಿತವರು. "ಎಂಟು ಇಯತ್ತೆ ಒಬ್ಬರೇ ನಿಭಾಯಿಸುವುದನ್ನು ಆ ಹುಡುಗಿಯರಿಗೆ ಯಾರು ಕಲಿಸುತ್ತಿದ್ದರು?" ಅಂತ ಕೇಳಿದೆ. ಅವರು ಏನೂ ಹೇಳದೆ ಒಳಗೆ ಹೋಗಿ ಒಂದು ರಟ್ಟಿನ ಡಬ್ಬ ತಂದರು. ಅದರಲ್ಲಿ ಹತ್ತು ಹದಿನೈದು ನೋಟ್‌ಬುಕ್ಕು. ಟೈಪ್ ಮಾಡಿ ಇಡಬೇಕು ಅಂತ ಎರಡು ವರ್ಷದಿಂದ ಜನ ಹುಡುಕುತ್ತಿದ್ದಾರಂತೆ. ಅಲ್ಲಿಯ ಕಾಲೇಜು ಹುಡುಗರಿಗೆ ಕೂಡು ಬರಹದ ಇಂಗ್ಲಿಷ್ ಓದಲು ಬರುವುದಿಲ್ಲವಂತೆ.

ನನಗೆ ಬರುತ್ತಿತ್ತು. ಐದನೇ ಇಯತ್ತೆಯಲ್ಲಿ ಇಂಗ್ಲಿಷ್ ಶುರುವಾದಾಗ ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ತಿದ್ದಿ ತಿದ್ದಿ ಕಲಿತ ಬರಹ ಅದು. ಮಾತಾಡುವ ಇಂಗ್ಲಿಷ್ ನನಗೆ ಇವತ್ತಿಗೂ ಕಷ್ಟ. ಆದರೆ ಬಾಗಿದ ಅಕ್ಷರ ಕಂಡರೆ ಸಲೀಸಾಗಿ ಓದುತ್ತೇನೆ. "ನಾನು ಓದುತ್ತೇನೆ" ಅಂದೆ. ಮುಂದಿನ ಎರಡು ತಿಂಗಳು, ವಾರಕ್ಕೆ ಎರಡು ದಿನ, ಮಗಳೋ ಅಳಿಯನೋ ನನ್ನನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು.

ನನ್ನ ಪಾಲಿಗೆ ಬಂದದ್ದು ಅಂಗೈ ಅಗಲದ ಒಂದು ಕಪ್ಪು ರಟ್ಟಿನ ನೋಟ್‌ಬುಕ್ಕು. ಶಾಯಿ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮೊದಲ ಪುಟದಲ್ಲಿ ಒಂದು ಹುಡುಗಿಯ ಹೆಸರು. ಕೆಳಗೆ ಕೌಂಟಿ ನಾರ್ಮಲ್ ಇನ್‌ಸ್ಟಿಟ್ಯೂಟ್, ಆಗಸ್ಟ್ 1909 ಅಂತ. ಆಕೆಯ ಮೊಮ್ಮಕ್ಕಳು ಇನ್ನೂ ಅದೇ ಕಡೆ ಇದ್ದಾರೆ, ಹಾಗಾಗಿ ಹೆಸರು ಬರೆಯುವುದಿಲ್ಲ. ನಾನಂತೂ ಆಕೆಯನ್ನು ಮೊದಲ ದಿನದಿಂದಲೂ ಅಕ್ಕೋರು ಅಂತಲೇ ಕರೆದೆ.

ನಾರ್ಮಲ್ ಅಂದರೆ ಅಲ್ಲಿ ಶಿಕ್ಷಕರ ತರಬೇತಿಯದು. ಇನ್‌ಸ್ಟಿಟ್ಯೂಟ್ ಅಂದರೆ ಮೊದಲು ನಾನು ಯಾವುದೋ ಸಂಸ್ಥೆ, ಕಟ್ಟಡ ಅಂದುಕೊಂಡಿದ್ದೆ. ಹಾಗಲ್ಲ. ಅದೊಂದು ಸಮಾವೇಶ. ಬೇಸಿಗೆ ರಜೆಯಲ್ಲಿ ಕೌಂಟಿಯ ಎಲ್ಲ ಹಳ್ಳಿ ಶಾಲೆಗಳ ಶಿಕ್ಷಕರನ್ನು ಕೌಂಟಿಯ ಮುಖ್ಯ ಊರಿಗೆ ಕರೆಸುತ್ತಿದ್ದರು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು ಇದ್ದ ಹಾಗೆ. ಕರೆಸುವವರು ಕೌಂಟಿ ಸೂಪರಿಂಟೆಂಡೆಂಟ್, ನಮ್ಮ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಾಹೇಬರ ಜಾಗದವರು. ಆದರೆ ಅಲ್ಲಿ ಆ ಹುದ್ದೆಗೆ ಚುನಾವಣೆ ನಡೆಯುತ್ತಿತ್ತು. ಅಯೋವಾದ ಮಿಚೆಲ್ ಕೌಂಟಿಯಲ್ಲಿ 1869ರಲ್ಲೇ ಜೂಲಿಯಾ ಆಡಿಂಗ್ಟನ್ ಎಂಬ ಮಹಿಳೆ ಆ ಹುದ್ದೆಗೆ ಗೆದ್ದು ಬಂದಿದ್ದರು. ಹೆಂಗಸರಿಗೆ ಸ್ವತಃ ಮತ ಹಾಕುವ ಹಕ್ಕು ಇಲ್ಲದ ಕಾಲ ಅದು.

ಈ ಪದ್ಧತಿ ಶುರುವಾದದ್ದು ಇನ್ನೂ ಹಿಂದೆ. 1839ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಹೆನ್ರಿ ಬರ್ನಾರ್ಡ್ 26 ಮಂದಿ ಶಿಕ್ಷಕರನ್ನು ಸೇರಿಸಿ ಆರು ವಾರ ಕಲಿಸಿದರು. ಅಲ್ಲಿಂದ ಅದು ದೇಶದ ತುಂಬ ಹಬ್ಬಿತು. ಹಬ್ಬಲೇಬೇಕಿತ್ತು. 1900ರ ಸುಮಾರಿಗೆ ಅಯೋವಾ ಒಂದರಲ್ಲೇ ಸುಮಾರು 12,000 ಒಂದು ಕೋಣೆಯ ಶಾಲೆಗಳಿದ್ದವು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಟೌನ್‌ಶಿಪ್, ಅದರಲ್ಲಿ ಒಂಬತ್ತು ಶಾಲೆ. ಎರಡು ಮೈಲಿಗೆ ಒಂದು. ಇಷ್ಟು ಶಾಲೆಗೆ ಶಿಕ್ಷಕರನ್ನು ಎಲ್ಲಿಂದ ತರುವುದು? ಸೀಡರ್ ಫಾಲ್ಸ್‌ನಲ್ಲಿ 1876ರಲ್ಲಿ ಶುರುವಾದ ಒಂದೇ ಒಂದು ಸರಕಾರಿ ನಾರ್ಮಲ್ ಸ್ಕೂಲು ಎಷ್ಟು ಜನರಿಗೆ ತರಬೇತಿ ಕೊಟ್ಟೀತು? ಹಾಗಾಗಿ ಹದಿನೆಂಟು, ಇಪ್ಪತ್ತು ವಯಸ್ಸಿನ ರೈತರ ಹೆಣ್ಣುಮಕ್ಕಳೇ ಶಿಕ್ಷಕಿಯರಾದರು. ಎಷ್ಟೋ ಜನ ತಾವೂ ಅಂಥದೇ ಶಾಲೆಯಲ್ಲಿ ಎಂಟನೇ ಇಯತ್ತೆ ಮುಗಿಸಿದವರು. ಅವರಿಗೆ ಸಿಗುತ್ತಿದ್ದ ತರಬೇತಿ ಅಂದರೆ ಈ ಇನ್‌ಸ್ಟಿಟ್ಯೂಟೇ.

ನಮ್ಮ ಅಕ್ಕೋರು ಎಲ್ಲ ಲೆಕ್ಕ ಬರೆದಿಟ್ಟಿದ್ದಾರೆ. ನೋಂದಣಿಗೆ ಒಂದು ಡಾಲರ್. ಎರಡು ವಾರ ಒಬ್ಬರ ಮನೆಯಲ್ಲಿ ಉಳಿದು ಊಟ ಮಾಡಿದ್ದಕ್ಕೆ ಏಳು ಡಾಲರ್. ಅವರ ಸಂಬಳ ತಿಂಗಳಿಗೆ 32 ಡಾಲರ್. ಅದೂ ಶಾಲೆ ನಡೆಯುವ ತಿಂಗಳುಗಳಲ್ಲಿ ಮಾತ್ರ, ಬೇಸಿಗೆಯಲ್ಲಿ ಏನೂ ಇಲ್ಲ. ಅಂದರೆ ಕೈಯಿಂದ ದುಡ್ಡು ಹಾಕಿ ತರಬೇತಿಗೆ ಬಂದಿದ್ದಾರೆ. ನಾವು ಕೇಂದ್ರ ಶಾಲೆಗೆ ಸಮಾಲೋಚನಾ ಸಭೆಗೆ ಹೋದರೆ ಓಓಡಿ ಸಿಗುತ್ತಿತ್ತು, ಅಂದರೆ ಆ ದಿನ ಕೆಲಸದ ಮೇಲೆ ಹೋದ ಲೆಕ್ಕ. ದೊಡ್ಡ ತರಬೇತಿಗಳಿಗೆ ತಡವಾಗಿಯಾದರೂ ಟಿಎ, ಡಿಎ ಬರುತ್ತಿತ್ತು. ಆ ಪುಟ ಟೈಪ್ ಮಾಡುವಾಗ ಸುಮಾರು ಹೊತ್ತು ಸುಮ್ಮನೆ ಕೂತೆ.

ಅಲ್ಲಿ ಕಲಿಸುವುದಕ್ಕೆ ಸರ್ಟಿಫಿಕೇಟ್ ಬೇಕು. ಪರೀಕ್ಷೆ ಬರೆದು ಅದನ್ನು ಪಡೆಯಬೇಕು. ಅದರಲ್ಲೂ ಮೊದಲ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ. ಹೊಸಬರಿಗೆ ಸಿಗುವುದು ಕೆಳಗಿನ ದರ್ಜೆ. ಅದರ ಅವಧಿ ಬೇಗ ಮುಗಿಯುತ್ತದೆ, ಮತ್ತೆ ಪರೀಕ್ಷೆ. ಹಾಗಾಗಿ ನೋಟ್‌ಬುಕ್ಕಿನ ಮೂರನೇ ಒಂದು ಪಾಲು ಬರೀ ಪರೀಕ್ಷೆ ತಯಾರಿ. ಅಂಕಗಣಿತ, ವ್ಯಾಕರಣ, ಭೂಗೋಳ, ದೇಹ ಮತ್ತು ಆರೋಗ್ಯ. ಆರೋಗ್ಯದ ಪಾಠದಲ್ಲಿ ಹೆಂಡದ ದುಷ್ಪರಿಣಾಮ ಕಡ್ಡಾಯ. ಆಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಮಕ್ಕಳಿಗೆ ಅದನ್ನು ಕಲಿಸಲೇಬೇಕು ಅಂತ ಕಾನೂನಿತ್ತು.

ಉಪನ್ಯಾಸಗಳ ಪುಟಗಳು ಬೇರೆ ಥರ. "ಬೆಳಿಗ್ಗೆ ಒಂಬತ್ತು. ಶಿಕ್ಷಕಿಯ ಶೀಲ" ಅಂತ ತಲೆಬರಹ. ಕೆಳಗೆ ಎರಡು ಸಾಲು. ಉಳಿದ ಪುಟದ ತುಂಬ ಬಳ್ಳಿ, ಹೂವು. ಮರುದಿನ "ಶಿಕ್ಷಣ ಮತ್ತು ರಾಷ್ಟ್ರ". ಒಂದೂವರೆ ಸಾಲು. ಮತ್ತೆ ಹೂವು. ನನಗೆ ನನ್ನ ತರಬೇತಿಯ ನೋಟ್‌ಬುಕ್ಕುಗಳು ನೆನಪಾದವು. ನಾನು ಹೂವಿನ ಬದಲು ರಂಗೋಲಿ ಚುಕ್ಕಿ ಇಡುತ್ತಿದ್ದೆ, ಅಷ್ಟೇ ವ್ಯತ್ಯಾಸ. ಹೇಳುವವರದು ತಪ್ಪು ಅಂತಲ್ಲ. ಒಬ್ಬಳೇ ನಲವತ್ತು ಮಕ್ಕಳನ್ನು ಹಿಡಿದು ಕೂರುವವಳಿಗೆ ಸೋಮವಾರ ಬೆಳಿಗ್ಗೆ ಏನು ಮಾಡಲಿ ಅನ್ನುವುದೇ ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಸಿಗದಿದ್ದರೆ ಪೆನ್ನು ತಾನಾಗಿ ಹೂವು ಬಿಡಿಸುತ್ತದೆ.

ಉತ್ತರ ಸಿಕ್ಕಿದ ಕಡೆ ಅಕ್ಕೋರು ಹೇಗೆ ಬರೆದಿದ್ದಾರೆ ನೋಡಬೇಕು! ಅಕ್ಷರ ಸಣ್ಣದಾಗುತ್ತದೆ, ಅಂಚಿನಲ್ಲೂ ಜಾಗ ಬಿಟ್ಟಿಲ್ಲ.

ಒಂದು, ವೇಳಾಪಟ್ಟಿ. ಎಂಟು ಇಯತ್ತೆ, ಇಯತ್ತೆಗೆ ಮೂರ್ನಾಲ್ಕು ವಿಷಯ. ಎಲ್ಲ ಕೂಡಿಸಿದರೆ ದಿನಕ್ಕೆ ಮೂವತ್ತರ ಹತ್ತಿರ ಪಾಠ. ಇದಕ್ಕೆ ಅಲ್ಲಿ ಹೇಳಿಕೊಟ್ಟ ಉಪಾಯ ಎರಡು ಇಯತ್ತೆ ಕೂಡಿಸುವುದು. ಈ ವರ್ಷ ಐದು ಮತ್ತು ಆರನೆಯವರು ಒಟ್ಟಿಗೆ ಕೂತು ಐದನೆಯ ಭೂಗೋಳ ಓದಲಿ. ಮುಂದಿನ ವರ್ಷ ಇಬ್ಬರೂ ಆರನೆಯದು ಓದಲಿ. ಎರಡು ವರ್ಷದಲ್ಲಿ ಎಲ್ಲರಿಗೂ ಎರಡೂ ಮುಗಿದಿರುತ್ತದೆ, ಹಿಂದುಮುಂದು ಆದರೂ. ನಾವು ಇದಕ್ಕೆ ಬಹುವರ್ಗ ಬೋಧನೆ ಅಂದೆವು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿಯ ಬಹುವರ್ಗ ಶಾಲೆಗಳನ್ನು ಕಣ್ಣಾರೆ ನೋಡಿ ಬಂದರು. ಮಗು ತನ್ನ ಮೆಟ್ಟಿಲಲ್ಲಿ ತಾನು ಹತ್ತಲಿ ಅನ್ನುವುದು ಅದರ ದಾರಿ. ದಾರಿ ಬೇರೆ, ಸಂಕಟ ಒಂದೇ.

ಎರಡು, ಕೂತಲ್ಲೇ ಮಾಡುವ ಕೆಲಸ. ಒಂದು ಇಯತ್ತೆ ಮುಂದಿನ ಬೆಂಚಿನಲ್ಲಿದ್ದಾಗ ಉಳಿದವರು ಏನು ಮಾಡಬೇಕು? ಸಣ್ಣವರಿಗೆ ಗೋವಿನಜೋಳದ ಕಾಳು ಕೊಟ್ಟು ಅಕ್ಷರದ ಮೇಲೆ ಜೋಡಿಸಲು ಹೇಳಿ ಅಂತ ಬರೆದಿದೆ. ನಾನು ಹುಣಸೆ ಬೀಜದಲ್ಲಿ ಮಾಡಿಸುತ್ತಿದ್ದ ಕೆಲಸ.

ಇನ್ನು ಕಾಗದದ ಲೋಟ. ಆಗ ಶಾಲೆಗಳಲ್ಲಿ ಒಂದೇ ಬಕೆಟ್, ಒಂದೇ ಸೌಟು. ಎಲ್ಲ ಮಕ್ಕಳೂ ಅದಕ್ಕೇ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದರು. ಕ್ಷಯ ಹರಡುವುದು ಹೀಗೇ ಅಂತ ಕಾನ್ಸಸ್ ರಾಜ್ಯದಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಕ್ರಂಬೈನ್ ಹಟ ಹಿಡಿದು 1909ರಲ್ಲಿ ಸಾರ್ವಜನಿಕ ಲೋಟವನ್ನು ನಿಷೇಧಿಸಿದರು. ಅದೇ ವರ್ಷದ ಈ ನೋಟ್‌ಬುಕ್ಕಿನಲ್ಲಿ ಚೌಕಾಕಾರದ ಕಾಗದ ಮಡಚಿ ಲೋಟ ಮಾಡುವ ಐದು ಚಿತ್ರಗಳಿವೆ. ಒಂದು ಲೋಟವನ್ನೇ ಮಾಡಿ ಪುಟದ ನಡುವೆ ಇಟ್ಟಿದ್ದಾರೆ. ಚಪ್ಪಟೆಯಾಗಿ, ಹಳದಿಯಾಗಿ ಇನ್ನೂ ಅಲ್ಲೇ ಇದೆ. ಮ್ಯೂಸಿಯಂನ ಹಿರಿಯರು ಅದನ್ನು ಮುಟ್ಟಬೇಡಿ ಅಂದಿದ್ದರು, ಮುಟ್ಟಲಿಲ್ಲ. ಚಿತ್ರ ನೋಡಿಕೊಂಡು ಬೇರೆ ಕಾಗದದಲ್ಲಿ ಮಾಡಿದೆ. ನೀರು ನಿಂತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಡಬ್ಬದಲ್ಲಿದ್ದ ನೋಟ್‌ಬುಕ್ಕುಗಳೆಲ್ಲ ಬಿಳಿಯ ಹುಡುಗಿಯರದು. ಕಪ್ಪು ಶಿಕ್ಷಕಿಯರು ಎಲ್ಲಿ ಕಲಿತರು ಅಂತ ಕೇಳಿದೆ. ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಬೇರೆ ಬೇರೆ ಇದ್ದ ಹಾಗೆ ಇನ್‌ಸ್ಟಿಟ್ಯೂಟೂ ಬೇರೆ ಬೇರೆ ನಡೆಯುತ್ತಿದ್ದವು. ಕಪ್ಪು ಶಾಲೆಗಳಿಗೆ ಕಟ್ಟಡಕ್ಕೂ ದುಡ್ಡಿಲ್ಲ, ತರಬೇತಿಗೂ ಇಲ್ಲ. ವರ್ಜೀನಿಯಾದ ಹೆನ್ರೈಕೊ ಕೌಂಟಿಯಲ್ಲಿ ವರ್ಜೀನಿಯಾ ರಾಂಡಾಲ್ಫ್ ಎಂಬ ಶಿಕ್ಷಕಿ ಇದ್ದರು. ಅವರ ತಂದೆ ತಾಯಿ ಗುಲಾಮರಾಗಿದ್ದವರು. ಫಿಲಡೆಲ್ಫಿಯಾದ ಆನಾ ಜೀನ್ಸ್ ಎಂಬ ಮಹಿಳೆ ಕಪ್ಪು ಜನರ ಹಳ್ಳಿ ಶಾಲೆಗಳಿಗೆ ಅಂತ 1907ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟರು. ಆ ದುಡ್ಡಿನಿಂದ 1908ರಲ್ಲಿ ರಾಂಡಾಲ್ಫ್ ಮೊದಲ 'ಜೀನ್ಸ್ ಶಿಕ್ಷಕಿ' ಆದರು. ಅವರು ಶಿಕ್ಷಕಿಯರನ್ನು ಊರಿಗೆ ಕರೆಸಲಿಲ್ಲ. ತಾವೇ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ತಿರುಗಿದರು. ಶಾಲೆಯ ಅಂಗಳ ಸ್ವಚ್ಛ ಮಾಡುವುದರಿಂದ ಹೊಲಿಗೆಯವರೆಗೆ ಅಲ್ಲಲ್ಲೇ ಮಾಡಿ ತೋರಿಸಿದರು. ನಾನು ಹೇಳುವುದಾದರೆ ಅದೇ ಹೆಚ್ಚು ಕಷ್ಟದ ಕೆಲಸ, ಹೆಚ್ಚು ಉಪಯೋಗದ್ದೂ ಅದೇ. ಶಾಲೆಗಳಿಗೆ ತಿರುಗಿ ಶಿಕ್ಷಕರಿಗೆ ನೆರವಾಗುವ ಒಳ್ಳೆಯ ಸಿಆರ್‌ಪಿ ಒಬ್ಬರು ನನ್ನ ಶಾಲೆಗೆ ಬಂದು ನನ್ನ ಮಕ್ಕಳಿಗೇ ಅರ್ಧ ಗಂಟೆ ಪಾಠ ಮಾಡಿ ತೋರಿಸಿದ್ದು ನನಗೆ ಹತ್ತು ದಿನದ ತರಬೇತಿಗಿಂತ ಜಾಸ್ತಿ ಕಲಿಸಿತು.

ಎರಡನೇ ವಾರದ ಪುಟಗಳು ಪೂರ್ತಿ ಗೋವಿನಜೋಳ.

ಯಾಕೆ ಅಂತ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಹೋಗಿಬಿಡುತ್ತಿದ್ದ ಕಾಲ ಅದು. ಅವರನ್ನು ಹಳ್ಳಿಯಲ್ಲೇ ಉಳಿಸಬೇಕಾದರೆ ಶಾಲೆಯಲ್ಲೇ ಹೊಲದ ಪಾಠ ಬೇಕು ಅನ್ನುವ ಮಾತು ಎದ್ದಿತ್ತು. 1908ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಳ್ಳಿ ಬದುಕಿನ ಬಗ್ಗೆ ಒಂದು ಆಯೋಗವನ್ನೇ ನೇಮಿಸಿದ್ದರು. ಅಯೋವಾದಲ್ಲಿ ಅದಕ್ಕೂ ಮೊದಲೇ, 1904ರಲ್ಲಿ, ಏಮ್ಸ್ ಕೃಷಿ ಕಾಲೇಜಿನ ಪೆರಿ ಹೋಲ್ಡನ್ ಒಂದು ರೈಲು ಹತ್ತಿ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ರೈತರಿಗೆ ಬೀಜದ ಬಗ್ಗೆ ಹೇಳಿದ್ದರು. 1906ರಲ್ಲಿ ಪೇಜ್ ಕೌಂಟಿಯ ಸೂಪರಿಂಟೆಂಡೆಂಟ್ ಆಗಿ ಬಂದ ಜೆಸ್ಸಿ ಫೀಲ್ಡ್ ಅದನ್ನು ಶಾಲೆಯೊಳಗೆ ತಂದರು. ಅವರೂ ರೈತರ ಮಗಳು, ಹಳ್ಳಿ ಶಾಲೆಯಲ್ಲಿ ಕಲಿಸಿದವರು. ಶಾಲೆ ಶಾಲೆಯಲ್ಲೂ ಹುಡುಗರಿಗೆ ಜೋಳದ ಸಂಘ, ಹುಡುಗಿಯರಿಗೆ ಮನೆಗೆಲಸದ ಸಂಘ ಕಟ್ಟಿಸಿದರು. ಗಣಿತದ ಲೆಕ್ಕಗಳನ್ನು ಹೊಲದಿಂದಲೇ ಮಾಡಿಸಿದರು. ಈಗ ಅಮೆರಿಕದ ತುಂಬ ಇರುವ 4-ಎಚ್ ಎಂಬ ಮಕ್ಕಳ ಸಂಘಕ್ಕೆ ಅವರು ಬುನಾದಿ ಹಾಕಿದವರಲ್ಲಿ ಒಬ್ಬರು.

ನಮ್ಮ ಅಕ್ಕೋರು ಇದ್ದದ್ದು ಬೇರೆ ಕೌಂಟಿ. ಗಾಳಿ ಅಲ್ಲಿಗೂ ಬೀಸಿತ್ತು. ಕೃಷಿ ಕಾಲೇಜಿನಿಂದ ಒಬ್ಬರು ಬಂದು ಬೀಜ ಪರೀಕ್ಷೆ ಮಾಡುವುದನ್ನು ಇವರ ಕೈಯಿಂದಲೇ ಮಾಡಿಸಿದ್ದಾರೆ. ಅದರ ಹೆಸರು ಚಿಂದಿ ಗೊಂಬೆ. ಒಂದು ಉದ್ದ ಬಟ್ಟೆ ಪಟ್ಟಿ. ಅದರ ಮೇಲೆ ಪೆನ್ಸಿಲ್ಲಿನಿಂದ ಚೌಕ ಹಾಕಿ ನಂಬರ್ ಬರೆಯಬೇಕು. ಪ್ರತಿ ತೆನೆಗೂ ಅದೇ ನಂಬರಿನ ಚೀಟಿ. ತೆನೆಯ ಬುಡದಿಂದ ಎರಡು, ನಡುವಿನಿಂದ ಎರಡು, ತುದಿಯಿಂದ ಎರಡು, ಹೀಗೆ ಆರು ಕಾಳು ಬಿಡಿಸಿ ಅದರ ಚೌಕದಲ್ಲಿ ಇಡಬೇಕು. ಬಟ್ಟೆ ಒದ್ದೆ ಮಾಡಿ, ಸುತ್ತಿ, ದಾರ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೀರು ಬಸಿದು ಬೆಚ್ಚಗಿನ ಜಾಗದಲ್ಲಿ ಇಡಬೇಕು. ಏಳನೇ ದಿನ ಬಿಚ್ಚುವುದು. ಆರಕ್ಕೆ ಆರೂ ಮೊಳೆತಿದ್ದರೆ ಆ ತೆನೆ ಬೀಜಕ್ಕೆ. ಇಲ್ಲದಿದ್ದರೆ ದನಕ್ಕೆ.

ಕೆಳಗೆ ಮಕ್ಕಳಿಗೆ ಕೊಡಬೇಕಾದ ಲೆಕ್ಕ. ಒಂದು ತೆನೆಯಲ್ಲಿ 800 ಕಾಳು. ಗುಣಿಗೆ ಮೂರು ಕಾಳು. ಒಂದು ಸತ್ತ ತೆನೆಯ ಬೀಜ ಎಷ್ಟು ಗುಣಿಗೆ ಆಗುತ್ತಿತ್ತು? 266, ಉಳಿದದ್ದು ಎರಡು. ಭಾಗಾಕಾರ ಇಷ್ಟು ಚೆನ್ನಾಗಿ ಹೊಲಕ್ಕೆ ಹೊಂದಿಕೊಂಡದ್ದನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ.

ಆ ಪುಟ ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮಲ್ಲಿ ಸೋಯಾಬೀನ್ ಬಿತ್ತುವ ಮೊದಲು ಗೋಣಿ ಚೀಲ ಒದ್ದೆ ಮಾಡಿ, ನೂರು ಕಾಳು ಸಾಲಾಗಿ ಇಟ್ಟು, ಸುತ್ತಿ ಇಟ್ಟು ನೋಡುತ್ತಾರೆ. ಕೃಷಿ ಇಲಾಖೆಯವರೇ ಹೇಳಿಕೊಡುತ್ತಾರೆ. ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು, ಕಡಿಮೆ ಬಂದರೆ ಬೀಜ ಜಾಸ್ತಿ ಹಾಕಬೇಕು. ನನ್ನ ಶಾಲೆಯ ಒಬ್ಬ ಹುಡುಗನ ಮನೆ ಪಡಸಾಲೆಯಲ್ಲಿ ನಾನೇ ಅದನ್ನು ನೋಡಿದ್ದೆ. ಅವನ ತಂದೆ ಎಣಿಸುತ್ತಿದ್ದರು. ಹುಡುಗ ಪಕ್ಕದಲ್ಲೇ ಕೂತಿದ್ದ. ನೂರು ಕಾಳು! ಶೇಕಡಾವಾರು ಕಲಿಸಲು ಇದಕ್ಕಿಂತ ಬೇರೆ ಏನು ಬೇಕಿತ್ತು? ಮರುದಿನ ನಾನು ಶಾಲೆಗೆ ಹೋಗಿ ಅದೇ ಹುಡುಗನಿಗೆ ಬ್ಯಾಂಕಿನ ಬಡ್ಡಿ ಇಟ್ಟುಕೊಂಡು ಶೇಕಡಾ ಕಲಿಸಿದೆ. ಅವನಿಗೆ ಬರಲಿಲ್ಲ. ಗೋಣಿ ಚೀಲವನ್ನು ಶಾಲೆಗೆ ತರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಯಾರಾದರೂ ಒಮ್ಮೆ ಕೈಹಿಡಿದು ಮಾಡಿಸಿದ್ದರೆ ಹೊಳೆಯುತ್ತಿತ್ತು ಅಂತ ಈಗ ಅನಿಸುತ್ತದೆ.

ಅಕ್ಟೋಬರ್ ಕೊನೆಗೆ ಮ್ಯೂಸಿಯಂನಲ್ಲಿ ಮಕ್ಕಳ ದಿನ ಇತ್ತು. ಹತ್ತಿರದ ಪಟ್ಟಣದ ನಾಲ್ಕನೇ ತರಗತಿಯ ಮಕ್ಕಳು ಬಂದು ಒಂದು ದಿನ 1909ರ ಶಾಲೆಯ ಹಾಗೆ ಕೂರುತ್ತಾರೆ. ಪಾಠ ಮಾಡುವವರು ಸ್ವಯಂಸೇವಕರು. ಹಿರಿಯರು ನನ್ನನ್ನು ಕೇಳಿದರು. "ನೀವು ನಿಜವಾಗಿ ಒಂದು ಕೋಣೆಯ ಶಾಲೆ ನಡೆಸಿದವರು. ನಮ್ಮಲ್ಲಿ ಅಂಥವರು ಈಗ ಯಾರೂ ಇಲ್ಲ. ಹತ್ತು ನಿಮಿಷ ನೀವು ಮಾಡಬೇಕು" ಅಂದರು. ನನ್ನ ಇಂಗ್ಲಿಷಿನ ಬಗ್ಗೆ ಹೇಳಿದೆ. ಅವರು ಕೇಳಲಿಲ್ಲ. ನಾನು ಚಿಂದಿ ಗೊಂಬೆಯ ಪಾಠ ಆರಿಸಿಕೊಂಡೆ.

ಬೀಜ ಎಲ್ಲಿಂದ ತರುವುದು? ಅಂಗಡಿಯ ಬಿತ್ತನೆ ಬೀಜಕ್ಕೆ ಬಣ್ಣದ ಔಷಧಿ ಹಚ್ಚಿರುತ್ತಾರೆ, ನಮ್ಮಲ್ಲಿಯ ಹಾಗೇ. ಮಕ್ಕಳ ಕೈಗೆ ಕೊಡುವಂತಿಲ್ಲ. ಹಿರಿಯರ ಪರಿಚಯದ ಒಬ್ಬ ರೈತರು ಕಟಾವಿನ ಹೊಲದಿಂದ ಇಪ್ಪತ್ತು ತೆನೆ ಕೊಟ್ಟರು. ಈಗ ಅಲ್ಲಿ ಯಾರೂ ತೆನೆ ಉಳಿಸಿ ಬೀಜ ಮಾಡುವುದಿಲ್ಲ, ಎಲ್ಲ ಹೈಬ್ರಿಡ್, ಪ್ರತಿವರ್ಷ ಕೊಳ್ಳುವುದೇ. ಅವರ ಅಜ್ಜನ ಕಾಲದಲ್ಲಿ ಅಟ್ಟದ ಮೇಲೆ ತೆನೆ ತೂಗುಹಾಕುತ್ತಿದ್ದರಂತೆ. ಅವರು ತೆನೆ ತಿರುಗಿಸಿ ತಿರುಗಿಸಿ ನೋಡಿ ಕೊಟ್ಟರು.

ಮೊದಲ ಸಲ ಮಾಡಿದ್ದು ಕೆಟ್ಟಿತು. ಮಗಳ ಮನೆಯ ಹಳೇ ಹತ್ತಿ ಬೆಡ್‌ಶೀಟ್ ಹರಿದು, ಹೆಸರುಕಾಳು ಮೊಳಕೆ ಕಟ್ಟುವ ಹಾಗೆ ಬಿಗಿಯಾಗಿ ಸುತ್ತಿ, ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ಇಟ್ಟೆ. ಐದನೇ ದಿನಕ್ಕೆ ಹುಳಿ ವಾಸನೆ ಬಂತು. ಬಿಚ್ಚಿದರೆ ಕಾಳು ಲೋಳೆ ಲೋಳೆ. ತೆನೆ ಕೊಟ್ಟ ರೈತರಿಗೆ ಫೋನ್ ಮಾಡಿದೆವು. "ಸಡಿಲ ಸುತ್ತಿ. ನಡುವೆ ಒಂದು ಕಡ್ಡಿ ಇಟ್ಟು ಅದರ ಸುತ್ತ ಸುತ್ತಿ. ನೀರು ಪೂರ್ತಿ ಬಸಿಯಲಿ" ಅಂದರು. ನೋಟ್‌ಬುಕ್ಕು ತೆಗೆದು ನೋಡಿದೆ. ಅಕ್ಕೋರೂ ಒಂದು ಕಡ್ಡಿಯ ಚಿತ್ರ ಬರೆದಿದ್ದರು. ನಾನು ಅದನ್ನು ಹಿಡಿಕೆ ಅಂದುಕೊಂಡಿದ್ದೆ. ಎರಡನೇ ಸಲ ಏಳನೇ ದಿನಕ್ಕೆ ಬಿಚ್ಚಿದಾಗ ಬಿಳಿ ಬೇರುಗಳು ಬಟ್ಟೆಯ ನೂಲಿನೊಳಗೆ ಹೊಕ್ಕಿದ್ದವು. ಎಳೆದರೆ ಸಣ್ಣಗೆ ಟಿಕ್ ಅನ್ನುತ್ತಿದ್ದವು.

ಮಕ್ಕಳ ದಿನಕ್ಕೆ ಒಂದು ವಾರ ಮೊದಲು ಸ್ವಯಂಸೇವಕರ ತರಬೇತಿ. ಎಂಟು ಜನ ಇದ್ದೆವು. ಹಿರಿಯರು ಅದನ್ನು ಇನ್‌ಸ್ಟಿಟ್ಯೂಟಿನ ಹಾಗೇ ನಡೆಸಿದರು. ಬೆಳಿಗ್ಗೆ ಮೊದಲು ಬರವಣಿಗೆ ಅಭ್ಯಾಸ. ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿದ್ದ ಆಸ್ಟಿನ್ ಪಾಮರ್ ಕಲಿಸಿದ ಪದ್ಧತಿ ಅದು. ಬೆರಳು ಅಲ್ಲಾಡಿಸದೆ ತೋಳಿನಿಂದಲೇ ಗುಂಡು ಗುಂಡು ಸುತ್ತು ಹಾಕಬೇಕು. ಆಮೇಲೆ ಒಬ್ಬೊಬ್ಬರೂ ಹತ್ತು ನಿಮಿಷ ಮಾದರಿ ಪಾಠ. ಉಳಿದ ಏಳು ಜನ ಬೆಂಚಿನ ಮೇಲೆ ಮಕ್ಕಳಾಗಿ ಕೂರಬೇಕು, ಮುಗಿದ ಮೇಲೆ ಟೀಕೆ ಹೇಳಬೇಕು. ಅಕ್ಕೋರ ಇನ್‌ಸ್ಟಿಟ್ಯೂಟಿನಲ್ಲಿ ಊರಿನ ನಿಜವಾದ ಮಕ್ಕಳನ್ನೇ ಕರೆತಂದು ಮಾದರಿ ತರಗತಿ ನಡೆಸಿದ್ದರು.

ಟಿ.ಸಿ.ಎಚ್.ನಲ್ಲಿ ಪಾಠ ವೀಕ್ಷಣೆಗೆ ಗುರುಗಳು ಹಿಂದಿನ ಬೆಂಚಿನಲ್ಲಿ ಕೂತಾಗ ಆಗುತ್ತಿದ್ದ ಭಯವೇ ಮತ್ತೆ ಆಯಿತು. ಕೈ ನಡುಗಿತು. ಪಾಠ ಮುಗಿದ ಮೇಲೆ ಅಲ್ಲಿಯ ಒಬ್ಬ ನಿವೃತ್ತ ಶಿಕ್ಷಕಿ ಹೇಳಿದರು. "ಪಾಠ ಚೆನ್ನಾಗಿದೆ. ಆದರೆ ನೀವು ಪ್ರಶ್ನೆ ಕೇಳಿ ಉತ್ತರವನ್ನೂ ನೀವೇ ಹೇಳಿಬಿಡುತ್ತೀರಿ. ನಾನು ಎಣಿಸಿದೆ, ಆರು ಸಲ." ನಿಜ. 33 ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಕೋಣೆಯಲ್ಲಿ ಒಬ್ಬಳೇ ಇದ್ದರೆ ಹೇಳುವವರು ಯಾರು? ಆ ಹುಡುಗಿಯರು ಬೇಸಿಗೆಯ ಎರಡು ವಾರಕ್ಕೆ ಎಂಟು ಡಾಲರ್ ಯಾಕೆ ಖರ್ಚು ಮಾಡಿದರು ಅಂತ ನನಗೆ ಅವತ್ತು ಅರ್ಥವಾಯಿತು. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಜೊತೆಗೆ ಉಳಿದಿದ್ದ ನಾಲ್ಕು ಹುಡುಗಿಯರ ಹೆಸರು, ಅವರವರ ಶಾಲೆ, ಎಷ್ಟು ಮಕ್ಕಳು ಅನ್ನುವುದೆಲ್ಲ ಬರೆದಿದೆ. ಒಬ್ಬಳ ಮುಂದೆ, "ಇವಳಲ್ಲೂ ದೊಡ್ಡ ಹುಡುಗರು ಮಾತು ಕೇಳುವುದಿಲ್ಲ" ಅಂತಿದೆ. ಆ 'ಲ್ಲೂ' ಅನ್ನುವ ಅರ್ಥ ಬರುವ ಶಬ್ದದ ಕೆಳಗೆ ಗೆರೆ ಎಳೆದಿದ್ದಾರೆ.

ಮಕ್ಕಳ ದಿನ 22 ಮಕ್ಕಳು ಬಂದರು. ನಾನು ಸೀರೆಯಲ್ಲೇ ಹೋದೆ. 1909ರಲ್ಲಿ ಇಲ್ಲಿ ಸೀರೆ ಇತ್ತಾ ಅಂತ ಒಂದು ಹುಡುಗಿ ಕೇಳಿದಳು. ಇರಲಿಲ್ಲ, ಆದರೆ ನನ್ನೂರಿನ ಒಂದು ಕೋಣೆಯ ಶಾಲೆಯಲ್ಲಿ ಇತ್ತು ಅಂದೆ. ಒಪ್ಪಿದಳು. ಮೊದಲೇ ಕಟ್ಟಿಟ್ಟಿದ್ದ ಗೊಂಬೆಯನ್ನು ಬೆಂಚಿನ ಮೇಲೆ ಬಿಚ್ಚಿದೆವು. ಒಂದೊಂದು ಚೌಕ ಒಬ್ಬೊಬ್ಬರಿಗೆ. ಪ್ರಶ್ನೆ ಕೇಳಿ ನಾನು ತುಟಿ ಬಿಗಿಹಿಡಿದು ನಿಂತೆ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಂಬತ್ತನೇ ಚೌಕದ ಹುಡುಗ, "ಆರರಲ್ಲಿ ನಾಲ್ಕು. ತುದಿಯ ಎರಡೂ ಸತ್ತಿವೆ. ತುದಿ ಬಿಟ್ಟು ಉಳಿದದ್ದನ್ನು ಬಿತ್ತಬಹುದಲ್ವಾ?" ಅಂದ. ನಾನು ಹಿಂದೆ ಕೂತಿದ್ದ ರೈತರ ಕಡೆ ನೋಡಿದೆ. ಅವರು ಎದ್ದು ಬಂದು ಆ ತೆನೆ ಕೈಗೆ ತೆಗೆದುಕೊಂಡರು. ಹಿಂದೆ ಬೀಜಕ್ಕೆ ಕಾಳು ಬಿಡಿಸುವಾಗ ತುದಿಯ ಮತ್ತು ಬುಡದ ಕಾಳನ್ನು ಬೇರೆ ತೆಗೆದು ಬಿಡುತ್ತಿದ್ದುದನ್ನು ಆ ಹುಡುಗನಿಗೆ ತೋರಿಸಿದರು. ನನ್ನ ಹತ್ತು ನಿಮಿಷ ಇಪ್ಪತ್ತೈದು ಆಯಿತು, ಮುಂದಿನವರು ಪಾಪ ಕಾದರು.

ಇನ್‌ಸ್ಟಿಟ್ಯೂಟುಗಳು ನಂತರ ಹೆಚ್ಚು ಕಾಲ ಹಾಗೇ ಉಳಿಯಲಿಲ್ಲ. ಅಯೋವಾದಲ್ಲಿ 1911ರ ಕಾನೂನಿನಿಂದ ಹೈಸ್ಕೂಲುಗಳಲ್ಲೇ ಶಿಕ್ಷಕರ ತರಬೇತಿ ಶುರುವಾಯಿತು. ರಸ್ತೆ ಬಂತು, ಬಸ್ಸು ಬಂತು, ಸಣ್ಣ ಶಾಲೆಗಳನ್ನು ಕೂಡಿಸಿ ದೊಡ್ಡದು ಮಾಡಿದರು. 1960ರ ದಶಕದಲ್ಲಿ ಒಂದು ಕೋಣೆಯ ಸರಕಾರಿ ಶಾಲೆಗಳು ಹೆಚ್ಚುಕಡಿಮೆ ಮುಗಿದವು.

ಡಿಸೆಂಬರಿನಲ್ಲಿ ನಾನು ಊರಿಗೆ ಹೊರಡುವ ಹಿಂದಿನ ವಾರ ನೋಟ್‌ಬುಕ್ಕಿನ ಕೊನೇ ಪುಟ ಟೈಪ್ ಮಾಡಿದೆ. ಅದು ಸೆಪ್ಟೆಂಬರಿನಿಂದ ಅವರು ನಡೆಸಬೇಕಿದ್ದ ಶಾಲೆಯ ವೇಳಾಪಟ್ಟಿ. ಶಾಯಿಯಲ್ಲಿ, ಗೆರೆ ಎಳೆದು, ಒಪ್ಪವಾಗಿ 27 ಪಾಠ. ಅದರ ಮೇಲೆ ಬೇರೆ ಯಾವಾಗಲೋ ಪೆನ್ಸಿಲ್ಲಿನಿಂದ ಅಡ್ಡಗೆರೆಗಳು ಬಿದ್ದಿವೆ. ಐದು ಮತ್ತು ಆರನೆಯ ಭೂಗೋಳಕ್ಕೆ ಒಂದೇ ಆವರಣ. ಏಳು ಮತ್ತು ಎಂಟಕ್ಕೆ ಇನ್ನೊಂದು. ಶುಕ್ರವಾರ ಮಧ್ಯಾಹ್ನದ ವ್ಯಾಕರಣವನ್ನು ಹೊಡೆದು ಹಾಕಿ, ಮೇಲೆ 'ಜೋಳ' ಅಂತ ಬರೆದಿದೆ. ಕೊನೆಗೆ ಒಟ್ಟು 19. ಶಾಯಿಯಲ್ಲಿ ಇದ್ದದ್ದನ್ನು ಒಂದು ಬಣ್ಣದಲ್ಲಿ, ಪೆನ್ಸಿಲ್ಲಿನದನ್ನು ಇನ್ನೊಂದು ಬಣ್ಣದಲ್ಲಿ ಟೈಪ್ ಮಾಡಿ ಫೈಲನ್ನು ಹಿರಿಯರಿಗೆ ಕಳಿಸಿದೆ.